ನೋಯದ ಮಂಡಿ

ಏನೂ ಆಗಿರದ ಮಂಡಿಗೆ ಪಟ್ಟಿ ಸುತ್ತುವುದು ಪೆಟ್ಟಾದ ಮಂಡಿಗೆ ಸುತ್ತುವುದಕ್ಕಿಂತ ಕಷ್ಟ ಎಂಬುದು ಅವನಿಗೆ ಈ ವಯಸ್ಸಿನಲ್ಲಿ ಗೊತ್ತಾಗಬೇಕಿತ್ತು. ಪೆಟ್ಟಾದ ಮಂಡಿ ತಾನೇ ದಾರಿ ತೋರಿಸುತ್ತದೆ. ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು, ಎಲ್ಲಿ ಬೆರಳು ತಾಗಿದರೆ ಮಂಚದ ಮೇಲೆ ಮಲಗಿದವನು ಉಸಿರು ಒಳಗೆಳೆದುಕೊಳ್ಳುತ್ತಾನೆ, ಎಲ್ಲವನ್ನೂ ಅದೇ ಹೇಳುತ್ತದೆ. ಕೈ ಕೇಳಿಸಿಕೊಂಡರೆ ಸಾಕು. ಈ ಮಂಡಿ ಏನೂ ಹೇಳುತ್ತಿರಲಿಲ್ಲ. ಊತವಿಲ್ಲ, ಬಿಸಿಯಿಲ್ಲ, ಚಿಪ್ಪು ತನ್ನ ಜಾಗದಲ್ಲಿ ನಿಶ್ಚಿಂತೆಯಿಂದ ಕೂತಿತ್ತು. ಬೆಳಗಿನ ಬಿಸಿಲು ಕಿಟಕಿಯಿಂದ ಬಂದು ಆ ಕಾಲಿನ ಮೇಲೆ ಬಿದ್ದಿತ್ತು. ಇಷ್ಟು ಆರೋಗ್ಯವಾದ ಕಾಲನ್ನು ತಾನು ನೋಡಿ ಎಷ್ಟೋ ಕಾಲವಾಯಿತು ಅನ್ನಿಸಿ ಅವನಿಗೆ ಅಳು ಬಂದ ಹಾಗಾಯಿತು. ಪಟ್ಟಿಯ ಉರುಳೆಯನ್ನು ಇನ್ನೊಂದು ಸುತ್ತು ಎಳೆದ.

"ಬಿಗಿ ಆಯ್ತು ಡಾಕ್ಟ್ರೇ," ಎಂದ ಕುದುರೆ, ಮೊಬೈಲಿನಿಂದ ಕಣ್ಣು ತೆಗೆಯದೆ.

"ಇರ್ಲಿ. ಸಡಿಲ ಆದ್ರೆ ಹೊರಗೆ ನಿಂತವರಿಗೆ ಗೊತ್ತಾಗುತ್ತೆ."

ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಇಷ್ಟು ದಿನ ಇಬ್ಬರೂ ಆ ಮಾತನ್ನು ಆಡಿರಲಿಲ್ಲ. ಪಟ್ಟಿ ಸುತ್ತುವವನು ಸುತ್ತುತ್ತಿದ್ದ, ಸುತ್ತಿಸಿಕೊಳ್ಳುವವನು ಸುತ್ತಿಸಿಕೊಳ್ಳುತ್ತಿದ್ದ, ನಡುವೆ ಮಂಡಿ ಒಂದು ಮಗುವಿನ ಹಾಗೆ ಇಬ್ಬರ ಮುಖವನ್ನೂ ನೋಡುತ್ತಿತ್ತು. ಕುದುರೆ ಎಂಬ ಹೆಸರು ಗ್ಯಾಲರಿಯ ಜನ ಕೊಟ್ಟದ್ದು. ಚೆಂಡು ಸಿಕ್ಕ ಕೂಡಲೇ ಎದುರಾಳಿಗಳನ್ನು ಹಿಂದೆ ಹಾಕಿ ಓಡುವ ರೀತಿಗೆ. ಡಾಕ್ಟ್ರು ಎಂಬುದೂ ಹಾಗೆಯೇ ಅಂಟಿಕೊಂಡದ್ದು. ಅವನು ಡಾಕ್ಟರಲ್ಲ, ತಂಡದ ಫಿಸಿಯೋ. ಮೊದಮೊದಲು ಎಲ್ಲರನ್ನೂ ತಿದ್ದುತ್ತಿದ್ದ. ಆಮೇಲೆ ತಿದ್ದಿ ತಿದ್ದಿ ಸಾಕಾಗಿ, ಇನ್ನೂ ಆಮೇಲೆ ಕೇಳಲು ಹಿತವಾಗಿ, ಸುಮ್ಮನಾಗಿದ್ದ. ಒಪ್ಪಿಕೊಳ್ಳದೆಯೇ ಒಪ್ಪಿಕೊಳ್ಳುವುದು ಹೀಗೆ ಸಣ್ಣದರಿಂದಲೇ ಅಭ್ಯಾಸವಾಗುತ್ತದೆ ಎಂದು ಈಗ ಪಟ್ಟಿಯ ಕೊನೆಯನ್ನು ಕತ್ತರಿಸುವಾಗ ಅವನಿಗೆ ಹೊಳೆಯಿತು. ಹೊಳೆದು ಪ್ರಯೋಜನವೇನು, ಕತ್ತರಿ ಮೊಂಡಾಗಿತ್ತು, ಪಟ್ಟಿ ಸರಿಯಾಗಿ ತುಂಡಾಗಲಿಲ್ಲ.

ಇದೇ ಎಡಗಾಲಿನ ಮಂಡಿ ಹಿಂದೊಮ್ಮೆ ನಿಜವಾಗಿ ಮುರಿದುಬಿದ್ದಿತ್ತು. ಆಪರೇಷನ್ ಆಗಿ ಬಂದ ಹುಡುಗ ಇದೇ ಮಂಚದ ಮೇಲೆ ಕೂತು ತನ್ನ ಕಾಲನ್ನು ಯಾರೋ ತಂದಿಟ್ಟು ಹೋದ ಸಾಮಾನಿನಂತೆ ನೋಡುತ್ತಿದ್ದ. ಮತ್ತೆ ಓಡ್ತೀನಾ ಡಾಕ್ಟ್ರೇ ಎಂದು ಕೇಳಿ, ಕೇಳಿದ್ದಕ್ಕೆ ನಾಚಿ, ಗೋಡೆಗೆ ಮುಖ ತಿರುಗಿಸಿಕೊಂಡು ಅತ್ತಿದ್ದ. ಅವನ ಕಂಕುಳಿಗೆ ಹೆಗಲು ಕೊಟ್ಟು ಈ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆಸಿದ್ದು ತಾನೇ. ಹೆಂಡತಿ ತಮಾಷೆ ಮಾಡುತ್ತಿದ್ದಳು, ನಮಗೆ ಮಕ್ಕಳಾಗಿದ್ರೂ ನೀವು ಇಷ್ಟು ನಡೆಸ್ತಿರಲಿಲ್ಲ ಬಿಡಿ ಎಂದು. ಕುದುರೆ ಮತ್ತೆ ಮೈದಾನಕ್ಕಿಳಿದು ಮೊದಲ ಗೋಲು ಹೊಡೆದ ದಿನ ಗ್ಯಾಲರಿ ಎದ್ದು ಕುಣಿಯುವಾಗ ಅವನು ಬೆಂಚಿನ ತುದಿಯಲ್ಲಿ ಕೂತು ತನ್ನ ಎರಡು ಅಂಗೈಗಳನ್ನು ತೆರೆದು ನೋಡಿಕೊಂಡಿದ್ದ. ಅರ್ಧ ಗೋಲು ನನ್ನದು ಎಂದುಕೊಂಡಿದ್ದ. ಹಾಗಾದರೆ ಉಳಿದದ್ದರಲ್ಲೂ ಅರ್ಧ ನನ್ನದೇ ತಾನೆ? ಕ್ಲಬ್ಬಿನ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದ ಹುಡುಗಿ ಪೊಲೀಸರಿಗೆ ಹೇಳಿದ್ದು ಪೇಪರಿನಲ್ಲಿ ಬಂದಿತ್ತು. ಪಂದ್ಯ ಗೆದ್ದ ಸಂಜೆ, ಎಲ್ಲರೂ ಮೇಲಿನ ಹಾಲಿನಲ್ಲಿ ಕುಡಿದು ಹಾಡುತ್ತಿದ್ದಾಗ, ಕುದುರೆ ಅವಳನ್ನು ಸಾಮಾನಿನ ಕೋಣೆಯಲ್ಲಿ ಕೂಡಿಹಾಕಿ ಕೆಡಿಸಿದ. ಅವಳು ಮೊದಲು ತಪ್ಪಿಸಿಕೊಂಡು ಕಾರಿಡಾರಿನ ಉದ್ದಕ್ಕೂ ಓಡಿದ್ದಳು. ಅವನು ಓಡಿ ಹಿಡಿದ. ಪೇಪರಿನಲ್ಲಿ ಹಾಗೇ ಇತ್ತು, ಓಡಿ ಹಿಡಿದ ಎಂದು. ಆ ಎರಡು ಪದಗಳ ಮೇಲೆ ಡಾಕ್ಟ್ರ ಕಣ್ಣು ನಿಂತುಹೋಗಿತ್ತು. ಮಂಡಿ ವಾಸಿಯಾಗದೆ ಇದ್ದಿದ್ದರೆ ಅವಳು ಬಾಗಿಲು ಮುಟ್ಟುತ್ತಿದ್ದಳು.

ಮಾಡಿದೆಯಾ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಜಾಮೀನಿನ ಮೇಲೆ ಬಂದ ಮೊದಲ ದಿನ ಕುದುರೆ ಮಂಚ ಹತ್ತಿ ಕೂತಾಗ ಗಂಟಲಿನವರೆಗೂ ಬಂದಿತ್ತು, ಆದರೆ ಬಾಯಿಗೆ ಬಂದದ್ದು ಅಭ್ಯಾಸದ ಮಾತು: ಇಲ್ಲಿ ನೋವಿದೆಯಾ? ಕುದುರೆಯೂ ಮಾಡಿಲ್ಲ ಎಂದು ಒಮ್ಮೆಯೂ ಹೇಳಿರಲಿಲ್ಲ. ಅವಳು ನನ್ನ ಜೀವನ ಹಾಳು ಮಾಡಿದ್ಲು ಡಾಕ್ಟ್ರೇ ಅನ್ನುತ್ತಿದ್ದ, ಅಷ್ಟೇ. ಈಗ ಮಂಚದಿಂದ ಕೆಳಗಿಳಿದು, ಊರುಗೋಲು ಕಂಕುಳಿಗೆ ಸಿಕ್ಕಿಸಿಕೊಂಡು, ಬಾಗಿಲವರೆಗೆ ಹೋದವನು ತಿರುಗಿ ನಿಂತ.

"ಒಂದು ವಿಚಿತ್ರ ಗೊತ್ತಾ? ಬೆಳಿಗ್ಗೆ ಎದ್ದಾಗ ನಿಜವಾಗ್ಲೂ ನೋಯ್ತಿರುತ್ತೆ."

"ಎಲ್ಲಿ?"

"ಮಂಡೀಲಿ. ಮತ್ತೆಲ್ಲಿ?"

ಕುದುರೆಯ ಕಣ್ಣಲ್ಲಿ ನೀರಿತ್ತು. ತನ್ನ ಮೇಲೆ ತನಗೇ ಬಂದ ಕನಿಕರ ಅದು. ಆದರೂ ಅದನ್ನು ನೋಡಿ ಹೋಗಿ ಹೆಗಲು ತಟ್ಟಬೇಕೆಂದು ಕೈ ತಾನಾಗಿ ಮುಂದಾಯಿತು. ಆ ಕೈಯನ್ನು ಅವನು ಜೇಬಿಗೆ ಹಾಕಿಕೊಂಡ.

ಮಂಡಿಯ ಯೋಚನೆ ಮ್ಯಾನೇಜರರದು. ಮೀಟಿಂಗಿನಲ್ಲಿ ಏಸಿ ಜೋರಾಗಿತ್ತು, ಯಾರಿಗೂ ಅದನ್ನು ಕಡಿಮೆ ಮಾಡು ಅನ್ನುವ ಧೈರ್ಯವಿರಲಿಲ್ಲ. "ನೋಡಿ, ಅವನನ್ನ ಆಡಿಸಿದ್ರೆ ಒಂದು ಗುಂಪು ಗೇಟಿಗೆ ಬರುತ್ತೆ. ಆಡಿಸಲ್ಲ ಅಂದ್ರೆ ಇನ್ನೊಂದು ಗುಂಪು ಗೇಟಿಗೆ ಬರುತ್ತೆ. ಮಂಡಿ ಅಂದ್ರೆ ಎರಡು ಗುಂಪೂ ಮನೇಲಿರುತ್ತೆ," ಎಂದಿದ್ದರು, ಒಳ್ಳೆಯ ಜೋಕು ಹೇಳಿದವರ ಹಾಗೆ ಸುತ್ತ ನೋಡುತ್ತಾ. ಕ್ಯಾಪ್ಟನ್ ಒಬ್ಬನೇ ಬಾಯಿ ಬಿಟ್ಟಿದ್ದ. ತೀರ್ಪು ಬರೋವರೆಗೂ ಆಡಿಸಲ್ಲ ಅಂತ ಹೇಳಿಬಿಡೋಣ ಸರ್, ಅವನು ತಪ್ಪು ಮಾಡಿದಾನೆ ಅಂತ ನಾವು ಹೇಳಿದ ಹಾಗೂ ಆಗಲ್ಲ, ಮಾಡಿಲ್ಲ ಅಂದ ಹಾಗೂ ಆಗಲ್ಲ, ಆ ಹುಡುಗಿಯ ಮಾತನ್ನ ಕೇಳಿಸಿಕೊಂಡಿದೀವಿ ಅಂತ ಆಗುತ್ತೆ ಎಂದು. ಎಷ್ಟು ಚಿಕ್ಕ ಮಾತು! ಒಂದೇ ಉಸಿರಿನಲ್ಲಿ ಮುಗಿಯಿತು. "ಅದನ್ನ ಯಾರ ಬಾಯಲ್ಲಿ ಹೇಳಿಸ್ತೀಯಪ್ಪ? ನಿನ್ನ ಬಾಯಲ್ಲಾ?" ಎಂದರು ಮ್ಯಾನೇಜರ್. ಕ್ಯಾಪ್ಟನ್ ತನ್ನ ಬೂಟಿನ ಲೇಸು ನೋಡಿಕೊಂಡ. ಆಮೇಲೆ ಎಲ್ಲರ ಕಣ್ಣೂ ನಿಧಾನವಾಗಿ ಮೇಜಿನ ಈ ತುದಿಗೆ, ಅವನ ಕಡೆಗೆ ತಿರುಗಿತು. ಜನ ನಂಬುವುದು ಡಾಕ್ಟ್ರ ಮಾತನ್ನು. ಅಂತೂ ಕುದುರೆ ಆಡುವುದಿಲ್ಲವಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಹೇಗೋ ಒಂದು, ಹೊರಗಿರುತ್ತಾನಲ್ಲ. ಎಲ್ಲರಿಗೂ ಒಳ್ಳೆಯದೇ.

ಪತ್ರಿಕೆಯವರ ಮುಂದೆ ಕೂತಾಗ ಒಬ್ಬಳು ಮಾತ್ರ ಎದ್ದು ಕೇಳಿದ್ದಳು, ದೂರಿಗೂ ಇದಕ್ಕೂ ಸಂಬಂಧ ಇದೆಯಾ ಎಂದು. ಮ್ಯಾನೇಜರ್ ಮೈಕನ್ನು ಅವನ ಕಡೆಗೆ ಸರಿಸಿದರು. "ಇದು ಮಂಡಿಯ ವಿಷಯ," ಎಂದ ಅವನು. "ಆರು ವಾರ ಬೇಕಾಗುತ್ತೆ." ಹಾಲಿನಲ್ಲಿ ಯಾರೋ ತೀರಿಕೊಂಡ ಹಾಗೆ ನಿಟ್ಟುಸಿರು. ಆ ನಿಟ್ಟುಸಿರಿನಲ್ಲಿ, ಅಷ್ಟೊಂದು ದೀಪಗಳ ಬೆಳಕಿನಲ್ಲಿ, ತನ್ನ ದನಿ ಗಂಭೀರವಾಗಿ ಕೇಳಿಸಿದ್ದು ಅವನಿಗೆ ಒಂದು ಕ್ಷಣ ಖುಷಿ ಕೊಟ್ಟಿತ್ತು. ಕೆಲಸ ಮುಗಿಸಿ ಕ್ಲಬ್ಬಿನ ಗೇಟು ದಾಟುವಾಗ ಇವತ್ತೂ ಕಣ್ಣು ನೆಲಕ್ಕೆ ಹಾಕಿ ನಡೆದ. ಕಾಂಪೌಂಡಿನ ಉದ್ದಕ್ಕೂ ಹೂವಿನ ಗೊಂಚಲುಗಳು, ಬೇಗ ಗುಣವಾಗಿ ಬಾ ಎಂಬ ಬಣ್ಣದ ಬೋರ್ಡುಗಳು, ಯಾವುದೋ ಮಗು ಬರೆದ ಚಿತ್ರ: ಪಟ್ಟಿ ಕಟ್ಟಿಕೊಂಡ ಒಂದು ಕುದುರೆ, ಅದರ ಕಣ್ಣಿಂದ ನೀಲಿ ಹನಿಗಳು. ಇಡೀ ಊರು ಒಂದು ಮಂಡಿಗಾಗಿ ಮರುಗುತ್ತಿತ್ತು. ಟಿಕೆಟ್ ಕೌಂಟರಿನ ಗಾಜಿನ ಹಿಂದೆ ಬೇರೆ ಯಾರೋ ಕೂತಿದ್ದರು. ಆ ಹುಡುಗಿ ಇದ್ದಾಗ ಗಾಜಿನ ತೂತಿಗೆ ಬಾಯಿ ಹತ್ತಿರ ತಂದು, ಗುಡ್ ಮಾರ್ನಿಂಗ್ ಸರ್, ಇವತ್ತು ಯಾರ ಕಾಲು ಎಂದು ಕೇಳುತ್ತಿದ್ದಳು. ಅವನ ದಿನ ಶುರುವಾಗುತ್ತಿದ್ದುದೇ ಅದರಿಂದ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಹೇಳಿದಳು. ಅವಳಿಗೆ ಲೈಬ್ರರಿಯಲ್ಲಿ ಕೆಲಸ. "ಇವತ್ತು ಪೇಪರ್ ಓದೋ ಕಡೆ ಒಬ್ಬರು ಅಜ್ಜ ಕಣ್ಣೊರೆಸಿಕೊಂಡ್ರು ಕಣ್ರೀ."

"ಯಾಕೆ?"

"ನಿಮ್ಮ ಕುದುರೆ ಮಂಡಿಗೆ. ಆ ಹುಡುಗಿ ವಿಷಯ ಬಂದ ದಿನವೂ ಅವರು ಅಲ್ಲೇ ಕೂತಿದ್ರು. ಅವತ್ತು ಪುಟ ತಿರುಗಿಸಿದ್ರು."

ಅವನು ತಟ್ಟೆ ನೋಡಿದ.

"ನಿಜವಾಗ್ಲೂ ಅಷ್ಟು ಪೆಟ್ಟಾಗಿದೆಯಾ?"

"ಸ್ವಲ್ಪ ನೀರು ಕೊಡು," ಎಂದ. ಅವಳು ಲೋಟ ತುಂಬಿಸಿ ಮುಂದಿಟ್ಟಳು, ಮತ್ತೆ ಕೇಳಲಿಲ್ಲ. ಕೇಳಿದ್ದರೆ ಸಿಡುಕಬಹುದಿತ್ತು, ಕೆಲಸದ ವಿಷಯದಲ್ಲಿ ಮೂಗು ತೂರಿಸಬೇಡ ಅನ್ನಬಹುದಿತ್ತು, ಅವಳು ಅಳಬಹುದಿತ್ತು, ಇವನು ಸಮಾಧಾನ ಮಾಡಬಹುದಿತ್ತು, ಹಾಗೆ ಹೇಗೋ ಆ ಮಾತು ಹೊರಗೆ ಬಂದುಬಿಡುತ್ತಿತ್ತೇನೋ. ಅವಳು ಪಾತ್ರೆಗಳನ್ನು ಸದ್ದಾಗದಂತೆ ಒಂದರ ಮೇಲೊಂದು ಇಟ್ಟುಕೊಂಡು ಒಳಗೆ ಹೋದಳು. ಮದುವೆಯಾದ ಹೊಸದರಲ್ಲಿ ಇದನ್ನು ಅವನು ಒಳ್ಳೆಯ ಸ್ವಭಾವ ಎಂದುಕೊಂಡಿದ್ದ.

ಸಂಜೆ ಅವನು ಮನೆಯ ಮುಂದಿನ ಕೋಣೆಯಲ್ಲಿ ಊರವರ ಕೈಕಾಲು ನೋಡುತ್ತಾನೆ. ಅಲ್ಲಿ ಕುದುರೆಗಳಿಲ್ಲ, ಸೊಂಟ ಹಿಡಿದವರು, ಕತ್ತು ಹಿಡಿದವರು, ಇಡೀ ಜೀವನವೇ ಒಂದು ಕಡೆಗೆ ಹಿಡಿದುಕೊಂಡವರು. ಗೋಡೆಗೆ ಒಂದು ಕನ್ನಡಿ, ಮೂಲೆಯಲ್ಲಿ ದೊಡ್ಡ ರಬ್ಬರ್ ಚೆಂಡು, ಕಾಯುವವರಿಗೆ ಹೊರಗೆ ಒಂದು ಬೆಂಚು. ಇವತ್ತಿನ ಕೊನೆಯವರು ಹೊಲಿಗೆ ಟೀಚರ್, ಆ ಹುಡುಗಿಯ ಅಮ್ಮ. ಬಲ ಭುಜ ಬಿಗಿದುಕೊಂಡು ಕೈ ಮೇಲೇಳದೆ ಎಷ್ಟೋ ತಿಂಗಳಿಂದ ಬರುತ್ತಿದ್ದವರು. ಮಗಳ ವಿಷಯ ಪೇಪರಿನಲ್ಲಿ ಬಂದ ಮೇಲೆ ಬರುವುದು ನಿಲ್ಲಿಸಿದ್ದರು. ಇನ್ನು ಬರಲಿಕ್ಕಿಲ್ಲ ಎಂದುಕೊಂಡು ಅವನು ಬೇಜಾರಾಗಿದ್ದ. ಆ ಬೇಜಾರಿನ ಅಡಿಯಲ್ಲಿ ಸ್ವಲ್ಪ ನಿರಾಳವೂ ಇತ್ತು. ಈಗ ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸ್ವೆಟರನ್ನು ಕಷ್ಟಪಟ್ಟು ಬಿಚ್ಚಿ, ಕುರ್ಚಿಯ ಬೆನ್ನಿಗೆ ಹಾಕಿ, ಹೇಳದೆಯೇ ಗೋಡೆಯ ಮುಂದೆ ಹೋಗಿ ನಿಂತರು. ಬಲಗೈಯ ಎರಡು ಬೆರಳನ್ನು ಗೋಡೆಯ ಮೇಲೆ ಇಟ್ಟು, ಇರುವೆ ಹತ್ತಿದ ಹಾಗೆ ಒಂದೊಂದೇ ಹೆಜ್ಜೆ ಮೇಲಕ್ಕೆ ಹತ್ತಿಸುವುದು ಅವನು ಕಲಿಸಿದ ವ್ಯಾಯಾಮ. ಹೋದ ಸಲ ಎಲ್ಲಿಗೆ ತಲುಪಿದ್ದರೋ ಅಲ್ಲಿ ಸೀಮೆಸುಣ್ಣದ ಗೆರೆ ಇತ್ತು. ಬೆರಳುಗಳು ಗೆರೆಗಿಂತ ಎಷ್ಟೋ ಕೆಳಗೆ ನಿಂತುಬಿಟ್ಟವು.

"ಬಿಟ್ಟುಬಿಟ್ರೆ ಹೀಗೇ ಆಗೋದು ಟೀಚರ್. ಮನೇಲಿ ಮಾಡ್ಬೇಕಿತ್ತು."

"ಮನಸ್ಸಾಗಲಿಲ್ಲ," ಎಂದರು. ಮುಖ ಗೋಡೆಯ ಕಡೆಗೇ ಇತ್ತು. ಅವರ ಹೆರಳು ಸರಿಯಾಗಿ ಬಿದ್ದಿರಲಿಲ್ಲ. ಕೈ ಏಳದವರು ತಾವೇ ಹಾಕಿಕೊಂಡದ್ದಿರಬೇಕು. ಮೊದಲೆಲ್ಲ ಮಗಳು ಹಾಕುತ್ತಿದ್ದಳೆಂದು ಕಾಣುತ್ತದೆ, ಅಚ್ಚುಕಟ್ಟಾಗಿರುತ್ತಿತ್ತು. ಅವನು ಅವರ ಭುಜದ ಮೇಲೆ ಕೈಯಿಟ್ಟು ಒತ್ತಿದ. ಕಲ್ಲಿನಂತಿತ್ತು. ಬೆಳಿಗ್ಗೆ ಆ ಕಾಲನ್ನು ಮುಟ್ಟಿದ ಕೈ ಇದು ಎಂದು ನೆನಪಾಗಿ ತೆಗೆದುಬಿಡಬೇಕೆನ್ನಿಸಿತು. ತೆಗೆದರೆ ಅವರು ಬೇರೇನಾದರೂ ತಿಳಿದುಕೊಳ್ಳುತ್ತಾರೆಂದು ಇಟ್ಟೇ ಇದ್ದ. ಮಗಳು ಹೇಗಿದಾಳೆ ಎಂದು ಕೇಳಬೇಕು. ಮನುಷ್ಯನಾದವನು ಕೇಳುತ್ತಾನೆ. ಯಾವ ಮುಖ ಇಟ್ಟುಕೊಂಡು ಕೇಳುವುದು?

"ಡಾಕ್ಟ್ರೇ, ಒಂದು ಕೇಳ್ಲಾ? ತಪ್ಪು ತಿಳ್ಕೋಬೇಡಿ."

"ಕೇಳಿ."

"ಅವನಿಗೆ ತುಂಬ ನೋಯುತ್ತಾ?"

ಅವನ ಕೈ ಅವರ ಭುಜದ ಮೇಲೆಯೇ ನಿಂತಿತು.

"ನಾನು ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ. ನಮ್ಮ ಯಜಮಾನರು ಬಿಟ್ಟುಹೋದಾಗಲೂ ಶಾಪ ಹಾಕಲಿಲ್ಲ. ಆದ್ರೆ ಟಿವಿಲಿ ನೀವು ಹೇಳಿದ್ದು ಕೇಳಿ ಅವತ್ತು..." ಗೋಡೆಗೆ ಹೇಳುತ್ತಿದ್ದರು. "ಅವತ್ತು ಹೊಟ್ಟೆ ತುಂಬ ಊಟ ಮಾಡಿದೆ ಡಾಕ್ಟ್ರೇ. ಅಷ್ಟು ದಿನ ಒಂದು ತುತ್ತು ಒಳಗೆ ಇಳೀತಿರಲಿಲ್ಲ. ಪೊಲೀಸ್ನೋರು ಬಾ ಅಂತಾರೆ, ಹೋಗು ಅಂತಾರೆ. ಕೋರ್ಟು ಯಾವಾಗಲೋ. ಅಕ್ಕಪಕ್ಕದವರು ಮುಖ ಕೊಟ್ಟು ಮಾತಾಡಲ್ಲ. ದೇವರಾದ್ರೂ ಕಣ್ಣು ಬಿಟ್ಟನಲ್ಲ ಅಂದ್ಕೊಂಡೆ. ಅದೇ ಧೈರ್ಯದ ಮೇಲೆ ಇವತ್ತು ಮನೆಯಿಂದ ಹೊರಗೆ ಬಂದೆ. ತುಂಬ ನೋಯುತ್ತಾ ಅವನಿಗೆ?"

ಇವರು ತನ್ನನ್ನು ಬೈಯಲು ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಇವರು ಬಂದಿರುವುದು ನೋವು ಕೇಳಲು, ಸ್ವಲ್ಪ ಜಾಸ್ತಿ ಹಾಕಿಕೊಡಿ ಎಂದು ಅಂಗಡಿಯಲ್ಲಿ ಕೇಳಿದ ಹಾಗೆ. ಕೊಡುವುದಕ್ಕೇನು?

"ನೋಯುತ್ತೆ," ಎಂದ. "ಮೆಟ್ಟಿಲು ಹತ್ತೋವಾಗ ಜೀವ ಹೋದ ಹಾಗೆ ಆಗುತ್ತೆ. ಮಲಗಿದ್ರೆ ಮಗ್ಗುಲು ಬದಲಾಯಿಸೋಕಾಗಲ್ಲ. ಒಳಗಡೆ ಸೂಜಿ ಚುಚ್ಚಿದ ಹಾಗೆ." ಹೇಳುತ್ತಾ ಹೋದ. ಜೀವನವಿಡೀ ಜನ ತನ್ನ ಮುಂದೆ ಹೇಳಿಕೊಂಡಿದ್ದ ನೋವುಗಳನ್ನೆಲ್ಲ ಒಂದೊಂದಾಗಿ ನೆನಪಿನಿಂದ ತೆಗೆದು ಆ ಮಂಡಿಯೊಳಗೆ ಇಟ್ಟ. ಟೀಚರ ಬೆರಳುಗಳು ಗೋಡೆಯ ಮೇಲೆ ಮೆಲ್ಲಗೆ ಚಲಿಸತೊಡಗಿದವು. ಒಂದು ಹೆಜ್ಜೆ, ಇನ್ನೊಂದು. ಭುಜ ಅವನ ಅಂಗೈಯಡಿಯಲ್ಲಿ ಸಡಿಲವಾಯಿತು. ಕೈ ಗೆರೆಯನ್ನು ಮುಟ್ಟಿತು, ದಾಟಿತು.

"ಎಷ್ಟು ದಿನ ಹೀಗಿರುತ್ತೆ?"

"ಆರು ವಾರ. ಆಮೇಲೆ ಏನೂ ಯೋಚನೆ ಇಲ್ಲ, ಮೊದಲಿನ ಹಾಗೇ ಓಡಾಡಬಹುದು," ಎಂದ ಅವನು. ಈ ಮಾತನ್ನು ಅವನು ಯೋಚಿಸಿ ಆಡಲಿಲ್ಲ. ಎಷ್ಟು ದಿನ ಎಂದು ಈ ಕೋಣೆಯಲ್ಲಿ ಯಾರು ಕೇಳಿದರೂ ಬರುವ ಉತ್ತರ, ಬರುವ ನಗುಮುಖದ ದನಿ, ಅದೇ ಬಂದುಬಿಟ್ಟಿತು.

"ಅಷ್ಟೇನಾ?" ಎಂದರು ಟೀಚರ್.

ಕೈ ಗೋಡೆಯ ಮೇಲಿಂದ ಜಾರಿ ಕೆಳಗೆ ಬಂತು. ಅವರು ತಿರುಗಿ ಮೊದಲ ಬಾರಿಗೆ ಅವನ ಮುಖ ನೋಡಿದರು. "ಆರು ವಾರ ಅಷ್ಟೇನಾ? ನನ್ನ ಮಗಳು ಇನ್ನೂ ಒಬ್ಬಳೇ ಬೀದಿಗೆ ಹೋಗಿಲ್ಲ. ಬಾತ್‌ರೂಮಿಗೆ ಹೋದ್ರೆ ನಾನು ಬಾಗಿಲ ಹತ್ರ ನಿಂತ್ಕೋಬೇಕು. ಅವಳಿಗೆ ಎಷ್ಟು ವಾರ ಡಾಕ್ಟ್ರೇ?"

ಆಗ ಅವನು ಹೇಳಿಬಿಟ್ಟ. ಹೇಳಬೇಕೆಂದು ತೀರ್ಮಾನಿಸಿ ಅಲ್ಲ. ಇಷ್ಟು ದಿನ ಹೊತ್ತದ್ದನ್ನು ಯಾರ ಮುಂದಾದರೂ ಇಳಿಸಿ ನೆಟ್ಟಗೆ ನಿಲ್ಲಬೇಕು ಅನ್ನಿಸಿತ್ತು, ಎದುರಿಗೆ ಇವರಿದ್ದರು. ಅವನ ಮಂಡಿಗೆ ಏನೂ ಆಗಿಲ್ಲ ಟೀಚರ್, ಸುಳ್ಳು ಹೇಳಿದ್ವಿ, ನಾನೇ ಹೇಳಿದೆ, ದಿನಾ ಬೆಳಿಗ್ಗೆ ಚೆನ್ನಾಗಿರೋ ಕಾಲಿಗೆ ಪಟ್ಟಿ ಸುತ್ತಿ ಕಳಿಸ್ತೀನಿ, ನನ್ನನ್ನ ಕ್ಷಮಿಸಿ ಎಂದ. ಮಾತು ಮುಗಿದ ಕೂಡಲೇ ಎದೆ ಹಗುರವಾಯಿತು. ಎಷ್ಟೋ ದಿನಗಳಿಂದ ಸಿಗದ ಉಸಿರು ಪೂರ್ತಿ ಸಿಕ್ಕಿತು. ಅವನು ಬೈಗುಳಕ್ಕಾಗಿ ಕಾದ, ಬೇಕಾದರೆ ಒಂದು ಹೊಡೆಯಲಿ ಎಂದೂ ಕಾದ.

ಟೀಚರ್ ಕುರ್ಚಿಯನ್ನು ಕೈಯಿಂದ ತಡವಿ ಹುಡುಕಿ ಕೂತರು.

"ಏನೂ ಆಗಿಲ್ವಾ ಅವನಿಗೆ?"

"ಏನೂ ಆಗಿಲ್ಲ."

"ಸ್ವಲ್ಪವೂ ನೋವಿಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಅವರು ಅಳಲಿಲ್ಲ. ತಿಂದದ್ದೆಲ್ಲ ವಾಪಸು ಬರುತ್ತದೇನೋ ಅನ್ನುವ ಹಾಗೆ ಎಡಗೈಯಿಂದ ಬಾಯಿ ಮುಚ್ಚಿಕೊಂಡರು, ಅಷ್ಟೇ.

ಬಾಗಿಲು ಸರಿದು ಮಗಳು ಒಳಗೆ ಬಂದಳು. ಅವಳು ಇಷ್ಟು ಹೊತ್ತೂ ಹೊರಗೆ ಬೆಂಚಿನ ಮೇಲೆ ಇದ್ದಳೆಂಬುದು ಅವನಿಗೆ ಗೊತ್ತಿರಲಿಲ್ಲ. ತಲೆಗೆ ದುಪಟ್ಟಾ ಸುತ್ತಿಕೊಂಡಿದ್ದಳು, ಸೊರಗಿ ಅರ್ಧವಾಗಿದ್ದಳು. ಅಮ್ಮನನ್ನು ನೋಡಿದಳು, ಕುರ್ಚಿಯ ಬೆನ್ನಿಗಿದ್ದ ಸ್ವೆಟರ್ ತೆಗೆದುಕೊಂಡಳು. ಗಾಜಿನ ತೂತಿನಿಂದ ಕೇಳುತ್ತಿದ್ದ ದನಿಯೇ, ಆದರೆ ಒಳಗಿನಿಂದ ಯಾರೋ ಬಾಗಿಲು ಹಾಕಿದ ಹಾಗಿತ್ತು.

"ನಂಗೆ ಗೊತ್ತಿತ್ತು ಸರ್. ಟಿವಿಲಿ ಅವನು ಕಾರು ಹತ್ತೋದು ತೋರಿಸಿದ್ರು. ಕ್ಯಾಮೆರಾ ಇರೋವರೆಗೂ ಕುಂಟಿದ, ಡೋರ್ ಹಾಕ್ಕೊಳೋವಾಗ ಕಾಲು ಸರಕ್ಕಂತ ಒಳಗೆಳ್ಕೊಂಡ. ಅವನ ಕಾಲು ನಂಗೆ ಗೊತ್ತಾಗುತ್ತೆ."

"ನಾನು ಎಲ್ಲರ ಮುಂದೆ..." ಎಂದು ಅವನು ಶುರು ಮಾಡಿದ.

"ಅಷ್ಟೊಂದು ಜನ ಕೇಳೋಕೆ ಅಂತಲೇ ಎದುರಿಗೆ ಕೂತಿದ್ರಲ್ಲ ಸರ್. ಅವರಿಗೆ ಹೇಳಲಿಲ್ಲ. ಅಮ್ಮನಿಗೆ ಯಾಕೆ ಹೇಳಿದ್ರಿ?"

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು. ಅವಳು ಅಮ್ಮನ ಒಳ್ಳೆಯ ಕೈಯನ್ನು ಮೊದಲು ತೋಳಿನೊಳಗೆ ತೂರಿಸಿದಳು, ಆಮೇಲೆ ನೋವಿನ ಕೈಯನ್ನು ಹಿಂದಕ್ಕೆ ತಿರುಗಿಸಿ ಎಳೆದಳು. ನೋವಿರುವ ಕೈ ಮೊದಲು ಹಾಕಬೇಕಮ್ಮ ಎಂದು ಅವನು ಹೇಳಬಹುದಿತ್ತು. ಟೀಚರ್ ಸಣ್ಣಗೆ ನರಳಿದರು.

ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದರು. ಬರ್ತೀವಿ ಎಂದು ಯಾರೂ ಹೇಳಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಅವರ ಮಾತು ಕೇಳಿಸಿತು. ಅಮ್ಮನ ದನಿ, ಬಹಳ ಮೆಲ್ಲಗೆ:

"ಅವತ್ತು ನಾನು ಊಟ ಮಾಡೋದನ್ನ ನೋಡ್ತಾ ಕೂತಿದ್ದೆಯಲ್ಲೇ, ಅವಾಗ್ಲೂ ನಿಂಗೆ ಗೊತ್ತಿತ್ತಾ?"

ಮಗಳು ಏನೋ ಹೇಳಿದಳು. ಅವನಿಗೆ ಕೇಳಿಸಲಿಲ್ಲ.